ಅಸ್ನೋಟಿಯಿಂದ ಹೊನ್ನಾವರ: ರೈಲು ರೂಟ್ ಕಟ್ಟೋಕೆ ಯಾವ ಎತ್ತರದ ಡೇಟಾ?

1800 ರೂಪಾಯಿ ಹೋಯಿತು. ಅಲ್ಲಿಂದಲೇ ಶುರು ಮಾಡುತ್ತೇನೆ.

ಓಪನ್ ರೈಲ್ಸ್ ಅಂತ ಕಂಪ್ಯೂಟರ್‌ನಲ್ಲಿ ರೈಲು ಓಡಿಸುವ ಸಿಮ್ಯುಲೇಟರ್ ಇದೆ, ಅದರಲ್ಲಿ ನಮ್ಮೂರಿನ ಕೊಂಕಣ ರೈಲ್ವೆ ಓಡಿಸಬೇಕು ಅನ್ನೋದು ನನ್ನ ಹಳೇ ಹುಚ್ಚು. ಅಸ್ನೋಟಿ ಬಿಟ್ಟು, ಕಾಳಿ ನದಿ ದಾಟಿ, ಶಿರವಾಡದಲ್ಲಿರುವ ಕಾರವಾರ ಸ್ಟೇಷನ್, ಆಮೇಲೆ ಸುಮಾರು 3 ಕಿಲೋಮೀಟರ್ ಉದ್ದದ ಸುರಂಗ, ಹಾರವಾಡ, ಅಂಕೋಲಾ, ಗೋಕರ್ಣ ರೋಡ್, ಮಿರ್ಜಾನ್, ಕುಮಟಾ, ಹೊನ್ನಾವರ. ಶರಾವತಿ ಸೇತುವೆಯ ಆಚೆ ದಡ ಮುಟ್ಟಿದರೆ ಮುಗಿಯಿತು. ಹಳಿ, ಸಿಗ್ನಲ್, ಸ್ಟೇಷನ್ ಎಲ್ಲ ಆಮೇಲಿನ ಮಾತು. ಮೊದಲು ನೆಲ ಬೇಕು. ಗುಡ್ಡ ಎಲ್ಲಿ, ಗದ್ದೆ ಎಲ್ಲಿ, ಹೊಳೆ ಎಷ್ಟು ತಗ್ಗಿನಲ್ಲಿ ಅಂತ ಹೇಳುವ ಡೇಟಾ ಬೇಕು.

ಆನ್‌ಲೈನ್‌ನಲ್ಲಿ ಒಬ್ಬರು ‘5 ಮೀಟರ್ ರೆಸಲ್ಯೂಷನ್, ಪಶ್ಚಿಮ ಕರಾವಳಿ’ ಅಂತ, ಅಂದರೆ 5 ಮೀಟರ್‌ಗೊಂದು ಕಡೆ ಎತ್ತರ ಹೇಳುವ, ರೆಡಿ ಪ್ಯಾಕ್ ಮಾರುತ್ತಿದ್ದರು. ಉಚಿತವಾಗಿ ಸಿಗುವುದೆಲ್ಲ 30 ಮೀಟರ್‌ದು. ಇದು 5 ಅಂದಮೇಲೆ ಆರು ಪಟ್ಟು ಚೆಂದ ಇರಬೇಕಲ್ಲ ಅಂತ ಕೊಂಡುಬಿಟ್ಟೆ. ನೋಡೋಕೆ ನುಣ್ಣಗಿತ್ತು, ಬೆಣ್ಣೆ ಸವರಿದ ಹಾಗೆ. ಅನುಮಾನ ಬಂದಿದ್ದು ಆ ನುಣುಪಿನಿಂದಲೇ. ನಮ್ಮ ಚಿರೆಕಲ್ಲಿನ ಗುಡ್ಡ ಯಾವತ್ತಾದರೂ ಅಷ್ಟು ನುಣ್ಣಗೆ ಇರುತ್ತದಾ? ಕ್ಯೂಜಿಐಎಸ್ ಅನ್ನುವ ನಕ್ಷೆ ಸಾಫ್ಟ್‌ವೇರ್‌ನಲ್ಲಿ ಅದನ್ನೂ ಉಚಿತ ಎಸ್‌ಆರ್‌ಟಿಎಂ ಡೇಟಾವನ್ನೂ ಒಂದರ ಮೇಲೊಂದು ಇಟ್ಟು, ಒಂದರಿಂದ ಇನ್ನೊಂದನ್ನು ಕಳೆದೆ. ಇಡೀ ನಕ್ಷೆ ಒಂದೇ ಬೂದು ಬಣ್ಣ. ವ್ಯತ್ಯಾಸ ಅನ್ನೋದೇ ಇಲ್ಲ. ಎಸ್‌ಆರ್‌ಟಿಎಂನಲ್ಲಿ ಅಂಕೋಲಾದ ಹತ್ತಿರ ಒಂದು ಸುಳ್ಳು ಗುಂಡಿ ಇದೆ, ಅದೂ ಅದೇ ಜಾಗದಲ್ಲಿ ಹಾಗೇ ಇತ್ತು. ಅಂದರೆ ಉಚಿತ ಡೇಟಾವನ್ನೇ ಎಳೆದು ಹಿಗ್ಗಿಸಿ ಮಾರಿದ್ದಾರೆ. ದುಡ್ಡು ವಾಪಸ್ ಕೇಳಿದೆ, ಉತ್ತರ ಇಲ್ಲ. ಆ ದುಡ್ಡಿಗೆ ಮನೆಗೆ ಒಳ್ಳೇ ಇಸವಾಣ ಮೀನು ಬರುತ್ತಿತ್ತು.

ಆ ಸಿಟ್ಟಿನಲ್ಲೇ ಉಚಿತವಾಗಿ ಸಿಗುವುದನ್ನೆಲ್ಲ ಒಂದೊಂದಾಗಿ ಹಾಕಿ ನೋಡಿದೆ. ಕೊನೆಗೆ ನಾನು ಇಟ್ಟುಕೊಂಡಿದ್ದು ಫ್ಯಾಬ್‌ಡೆಮ್ ಅನ್ನುವ ಡೇಟಾ. ಮುಂದಿನದೆಲ್ಲ ಅದರ ಪರವಾಗಿಯೇ ವಾಲುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ಎಸ್‌ಆರ್‌ಟಿಎಂ ಎಲ್ಲರಿಗೂ ಗೊತ್ತಿರುವ ಹಳೇ ಹುಲಿ. 2000ದ ಫೆಬ್ರುವರಿಯಲ್ಲಿ ಎಂಡೆವರ್ ಶಟಲ್ 11 ದಿನ ಸುತ್ತಿ ರೇಡಾರ್‌ನಿಂದ ಅಳೆದಿದ್ದು. ಇದರ ದೊಡ್ಡ ಗುಣ ಅಂದರೆ ತಲೆನೋವು ಇಲ್ಲ. ಇದರ ಎತ್ತರದ ಫೈಲನ್ನು (ಎಚ್‌ಜಿಟಿ ಅಂತಾರೆ) ಫೋಲ್ಡರ್‌ಗೆ ಹಾಕಿದರೆ, ರೂಟ್ ಕಟ್ಟುವ ಟಿಎಸ್‌ಆರ್‌ಇ ಎಡಿಟರ್ ನೇರವಾಗಿ ಓದಿಕೊಳ್ಳುತ್ತದೆ. ನಮ್ಮ ಅದೃಷ್ಟಕ್ಕೆ ಅಸ್ನೋಟಿಯಿಂದ ಹೊನ್ನಾವರದ ತನಕ ಇಡೀ ರೂಟ್ 14 ಉತ್ತರ, 74 ಪೂರ್ವದ ಒಂದೇ ಫೈಲಿನಲ್ಲಿ ಬರುತ್ತದೆ. 25 ಎಂಬಿ ಚಿಲ್ಲರೆ, ಫೋನಿನ ಹಾಟ್‌ಸ್ಪಾಟ್‌ನಲ್ಲೇ ಇಳಿಯಿತು. ಎತ್ತರ ಪೂರ್ತಿ ಮೀಟರ್‌ನಲ್ಲಿ ಮಾತ್ರ ಇರುತ್ತದೆ, ಹಾಗಾಗಿ ಅಘನಾಶಿನಿ ಪಕ್ಕದ ಗಜನಿ ಗದ್ದೆ (ಉಪ್ಪುನೀರು ನುಗ್ಗುವ ತಗ್ಗಿನ ಗದ್ದೆ) ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಮೊದಲ ಸಲ ರೂಟ್ ಕಟ್ಟುವವರು ಸುಮ್ನೆ ಇದನ್ನೇ ಹಾಕಿಕೊಳ್ಳಿ.

ಆಸ್ಟರ್ ಅಂತ ಇನ್ನೊಂದು ಉಚಿತ ಡೇಟಾ ಇದೆ, ಅದು ಬೇಡ. ಬಯಲಲ್ಲೂ ಬೊಕ್ಕೆ ಎದ್ದ ಹಾಗೆ ಕಾಣುತ್ತದೆ.

ಇನ್ನು ಕಾರ್ಟೋಡೆಮ್. ಇದರ ಮೇಲೆ ನನಗೆ ತುಂಬಾ ಆಸೆ ಇತ್ತು. ನಮ್ಮ ಇಸ್ರೋದ್ದು. 2005ರಲ್ಲಿ ಹಾರಿದ ಕಾರ್ಟೋಸ್ಯಾಟ್-1ರಲ್ಲಿ ಎರಡು ಕ್ಯಾಮೆರಾ. ಒಂದು ಮುಂದಕ್ಕೆ ನೋಡುತ್ತದೆ, ಇನ್ನೊಂದು ಹಿಂದಕ್ಕೆ. ನಮ್ಮ ಎರಡು ಕಣ್ಣು ಸೇರಿ ಆಳ ತಿಳಿಯುವ ಹಾಗೆ ಆ ಎರಡು ಚಿತ್ರ ಸೇರಿಸಿ ಎತ್ತರ ತೆಗೆದಿದ್ದಾರೆ. ಇಸ್ರೋದ ಭುವನ್ ಪೋರ್ಟಲ್‌ನಲ್ಲಿ ಲಾಗಿನ್ ಮಾಡಿದರೆ ಉಚಿತ. ಇಳಿಸಿ, ಎಚ್‌ಜಿಟಿಗೆ ಬದಲಾಯಿಸಿ, ಎಡಿಟರ್‌ಗೆ ಹಾಕಿದೆ. ಸಮುದ್ರದ ನೀರಿನ ಮಟ್ಟ ಸೊನ್ನೆ ಅಂತ ಮೊದಲೇ ಇಟ್ಟಿದ್ದೆ. ತೆರೆದರೆ ಕಾರವಾರವೇ ಇಲ್ಲ! ಶಿರವಾಡ ಇಲ್ಲ, ಬಂದರು ಇಲ್ಲ, ಸದಾಶಿವಗಡದ ಗುಡ್ಡವೂ ಇಲ್ಲ. ಎಲ್ಲ ನೀಲಿ ನೀರು. ಗುಡ್ಡಳ್ಳಿಯ ತುದಿ ಮಾತ್ರ ದ್ವೀಪದ ಹಾಗೆ ಎದ್ದು ನಿಂತಿದೆ. ಪಕ್ಕದ ಮನೆಯ ದೊಡ್ಡಪ್ಪ ಅದೇ ಹೊತ್ತಿಗೆ ಬಂದರು. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ರಿಟೈರ್ ಆದವರು. ಸ್ವಲ್ಪ ಹೊತ್ತು ನೋಡಿ, “ಏ ತಮಾ, ಪ್ರಳಯ ಆಯ್ತನೋ?” ಅಂದರು.

ಫೈಲ್ ಕೆಟ್ಟಿದೆ ಅಂದುಕೊಂಡು ಮತ್ತೆ ಇಳಿಸಿದೆ. ಮತ್ತೆ ಪ್ರಳಯ. ಒಂದು ಶನಿವಾರ ಪೂರ್ತಿ ಹೋಯಿತು. ಆಮೇಲೆ ಗೊತ್ತಾಯಿತು, ಫೈಲ್ ಸರಿಯಾಗೇ ಇದೆ, ಅದು ಎತ್ತರ ಅಳೆಯುವ ಬುಡ ಬೇರೆ. ನಾವು ಎತ್ತರ ಅಂದರೆ ಸಮುದ್ರ ಮಟ್ಟದಿಂದ ಅಂತ ತಿಳಿಯುತ್ತೇವೆ. ಎಸ್‌ಆರ್‌ಟಿಎಂ ಹಾಗೇ ಕೊಡುತ್ತದೆ. ಕಾರ್ಟೋಡೆಮ್ ಲೆಕ್ಕ ಹಾಕುವುದು ಎಲಿಪ್ಸಾಯ್ಡ್‌ನಿಂದ. ಅಂದರೆ ಭೂಮಿಯನ್ನು ಸ್ವಲ್ಪ ಒತ್ತಿದ ನುಣ್ಣನೆ ಚೆಂಡು ಅಂದುಕೊಂಡು ಗಣಿತದಲ್ಲಿ ಬರೆದ ಮೇಲ್ಮೈ. ನಿಜವಾದ ಸಮುದ್ರ ಆ ಚೆಂಡಿನ ಮೇಲೆ ಸಮನಾಗಿ ಕೂರುವುದಿಲ್ಲ. ಭೂಮಿಯ ಸೆಳೆತ ಕಡಿಮೆ ಇರುವ ಕಡೆ ನೀರು ತಗ್ಗಿ ನಿಲ್ಲುತ್ತದೆ. ಇಡೀ ಜಗತ್ತಿನಲ್ಲೇ ಅತಿ ದೊಡ್ಡ ತಗ್ಗು ಶ್ರೀಲಂಕಾದ ದಕ್ಷಿಣಕ್ಕಿದೆ, ನೂರು ಮೀಟರ್‌ಗೂ ಜಾಸ್ತಿ. ನಮ್ಮ ಕರಾವಳಿ ಆ ತಗ್ಗಿಗೆ ಇಳಿಯುವ ದಾರಿಯಲ್ಲೇ ಕೂತಿದೆ. ಹಾಗಾಗಿ ಕಾರವಾರದ ಬೀಚು ಆ ಲೆಕ್ಕದಲ್ಲಿ ಸುಮಾರು ಮೈನಸ್ 80 ಮೀಟರ್. ಯುರೋಪಿನವರು ಬರೆದ ಟ್ಯುಟೋರಿಯಲ್‌ಗಳಲ್ಲಿ ‘ಸ್ವಲ್ಪ ವ್ಯತ್ಯಾಸ ಬರಬಹುದು’ ಅಂತಿತ್ತು. ಇದು ಅವರಿಗೆ ಸ್ವಲ್ಪ!

ಸರಿ, ಸುಲಭ ಅಂದುಕೊಂಡೆ. ಕಾರವಾರದ ಎದುರು ಸಮುದ್ರದ ಮೇಲೆ ಕ್ಲಿಕ್ ಮಾಡಿ ಎಷ್ಟು ಮೈನಸ್ ಇದೆ ನೋಡಿದೆ, ಅಷ್ಟನ್ನು ಇಡೀ ಫೈಲಿಗೆ ಕೂಡಿಸಿದೆ. ಕಾರವಾರ ಎದ್ದು ಬಂತು. ಅಂಕೋಲಾ ಪರವಾಗಿಲ್ಲ. ಕುಮಟಾ ದಾಟಿ ಹೊನ್ನಾವರದ ಕಡೆ ಹೋಗುವಷ್ಟರಲ್ಲಿ ನೀರು ಮತ್ತೆ ಗದ್ದೆಗೆ ನುಗ್ಗಿತ್ತು. ದಕ್ಷಿಣಕ್ಕೆ ಹೋದ ಹಾಗೆ ಆ ತಗ್ಗು ಇನ್ನೂ ಆಳ ಆಗುತ್ತದೆ, ಹಾಗಾಗಿ ಎಲ್ಲ ಕಡೆಗೂ ಒಂದೇ ಸಂಖ್ಯೆ ನಡೆಯುವುದಿಲ್ಲ. ಘಟ್ಟದ ಮೇಲೆ ಶಿರಸಿಯಲ್ಲಾದರೆ ಒಂದು ಮೀಟರ್ ಹೆಚ್ಚು ಕಡಿಮೆ ಆದರೆ ಯಾರೂ ಕೇಳುವುದಿಲ್ಲ. ಗಜನಿ ಗದ್ದೆಯಲ್ಲಿ ಒಂದು ಮೀಟರ್ ಅಂದರೆ ಕಗ್ಗ ಭತ್ತ ಇರಬೇಕಾದ ಕಡೆ ಸಮುದ್ರ.

ಸರಿಯಾದ ದಾರಿ ಅಂದರೆ ಸಮುದ್ರ ಮಟ್ಟ ಆ ಚೆಂಡಿಗಿಂತ ಎಲ್ಲಿ ಎಷ್ಟು ಮೇಲೆ ಕೆಳಗೆ ಅಂತ ಹೇಳುವ ಜಿಯಾಯ್ಡ್ ಗ್ರಿಡ್ ಫೈಲ್ ಬೇರೆ ಇಳಿಸಿಕೊಂಡು ಪ್ರತಿ ಬಿಂದುವಿನಲ್ಲೂ ಅದನ್ನು ಕಳೆಯಬೇಕು. ಕನ್ವರ್ಟ್ ಮಾಡುವ ಕಮಾಂಡ್ ಕೊಟ್ಟೆ. ಎರರ್ ಇಲ್ಲದೆ ಮುಗಿಯಿತು. ಎತ್ತರ ಮಾತ್ರ ಇದ್ದ ಹಾಗೇ ಇತ್ತು. ಗ್ರಿಡ್ ಫೈಲ್ ಸರಿಯಾದ ಫೋಲ್ಡರ್‌ನಲ್ಲಿ ಇಲ್ಲದಿದ್ದರೆ ಅದು ಏನೂ ಮಾಡದೆ ‘ಆಯಿತು’ ಅನ್ನುತ್ತದಂತೆ. ಬೇಸರದಲ್ಲಿ ಕ್ಯೂಜಿಐಎಸ್‌ನ ರಾಸ್ಟರ್ ಕ್ಯಾಲ್ಕುಲೇಟರ್‌ನಲ್ಲಿ ಕೈಯಾರೆ ಮಾಡಲು ಹೋಗಿ, ಕಳೆಯುವ ಬದಲು ಕೂಡಿಸಿಬಿಟ್ಟೆ. ಮೈನಸ್‌ಗೆ ಮೈನಸ್ ಸೇರಿ ಕಾರವಾರ ಎರಡು ಪಟ್ಟು ಆಳಕ್ಕೆ ಹೋಯಿತು. ಮೂರನೇ ಸಲಕ್ಕೆ ಸರಿಹೋಯಿತು. ಇಷ್ಟೆಲ್ಲ ಆದಮೇಲೆ ನೋಡಿದರೆ ಕಾಳಿ ನದಿಯ ನೀರು ಉಬ್ಬುತಗ್ಗು. ಅದನ್ನು ಮತ್ತೆ ಕೈಯಲ್ಲಿ ಸಮ ಮಾಡಬೇಕು. ಅಲ್ಲಿಗೆ ಬಿಟ್ಟೆ. ಇಸ್ರೋ ಮೇಲೆ ನನಗೆ ಸಿಟ್ಟಿಲ್ಲ. ತಪ್ಪು ಓದದೆ ಹಾಕಿದ ನನ್ನದು. ಗುಡ್ಡದ ಆಕಾರ ಚೆನ್ನಾಗೇ ಕೊಡುತ್ತದೆ.

ಮುಂದಿನ ಉಚಿತ ಡೇಟಾ ಕೊಪರ್ನಿಕಸ್ 30 ಇದಕ್ಕೆ ಪೂರ್ತಿ ಉಲ್ಟಾ. 2011ರಿಂದ 2015ರ ನಡುವೆ ಜರ್ಮನಿಯ ಜೋಡಿ ರೇಡಾರ್ ಉಪಗ್ರಹಗಳು ಅಳೆದಿದ್ದು. ಸಮುದ್ರ ಸಮುದ್ರದ ಮಟ್ಟದಲ್ಲೇ ಇದೆ, ಹೊಳೆ ಗಾಜಿನ ಹಾಗೆ ಸಮವಾಗಿದೆ, ಎತ್ತರ ದಶಮಾಂಶದಲ್ಲಿದೆ. ಖುಷಿಯಿಂದ ಹಳಿ ಹಾಕುತ್ತಾ ಹೋದೆ. ಕಾರವಾರದ ಸುರಂಗದ ಬಾಯಿ ಹತ್ತಿರ ನಿಂತೆ. ದೊಡ್ಡಪ್ಪ ಮತ್ತೆ ಬಂದು ನೋಡಿದರು. “ಇಲ್ಲಿ ಈ ದಿಬ್ಬ ಎಲ್ಲಿಂದ ಬಂತು? ನಾನು ವರ್ಷಗಟ್ಟಲೆ ನಡೆದ ಜಾಗ ಇದು” ಅಂದರು. ಅದು ದಿಬ್ಬ ಅಲ್ಲ, ಕಾಡು. ದಟ್ಟ ಕಾಡಿನಲ್ಲಿ ರೇಡಾರ್ ಹೆಚ್ಚಾಗಿ ಮರದ ತಲೆಯ ಹತ್ತಿರವೇ ಬಡಿದು ವಾಪಸ್ ಬರುತ್ತದೆ, ನೆಲ ಮುಟ್ಟುವುದು ಕಡಿಮೆ. ಎಸ್‌ಆರ್‌ಟಿಎಂನಲ್ಲೂ ಈ ರೋಗ ಇದೆ. ಬಯಲುಸೀಮೆಯವರಿಗೆ ಇದು ಗೊತ್ತೇ ಆಗಲಿಕ್ಕಿಲ್ಲ. ನಮ್ಮಲ್ಲಿ ಹಳಿಯ ಎರಡೂ ಕಡೆ ಮರ. ಆ ಸುಳ್ಳು ದಿಬ್ಬದ ಮೇಲೆ ನಾವು ಮತ್ತೆ ಸಿಮ್ಯುಲೇಟರ್‌ನ ಮರ ನೆಟ್ಟರೆ ಮರದ ಮೇಲೆ ಮರ!

ಫ್ಯಾಬ್‌ಡೆಮ್ ಅಂದರೆ ಇದೇ ಕೊಪರ್ನಿಕಸ್‌ನಿಂದ ಮರ, ಕಟ್ಟಡ ತೆಗೆದಿದ್ದು. ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಮಷೀನ್ ಲರ್ನಿಂಗ್ ಬಳಸಿ ಮಾಡಿ 2022ರಲ್ಲಿ ಪ್ರಕಟಿಸಿದರು. ಅದೇ ಸುರಂಗದ ಬಾಯಿ, ಅದೇ ಹಳಿ. ಹೆಚ್ಚುಕಡಿಮೆ ಒಂದು ತೆಂಗಿನ ಮರದಷ್ಟು ನೆಲ ಕೆಳಗೆ ಇಳಿಯಿತು. ದೊಡ್ಡಪ್ಪನ ದಿಬ್ಬ ಮಾಯ. ನನಗೆ ಇಷ್ಟು ಸಾಕು.

ಕಿರಿಕಿರಿ ಇದರಲ್ಲೂ ಇದೆ. ನಮಗೆ ಬೇಕಾಗಿದ್ದು ಒಂದು ತುಂಡು, ಇಳಿಸಬೇಕಾಗಿದ್ದು ಹತ್ತು ಡಿಗ್ರಿ ಚೌಕದ ದೊಡ್ಡ ಝಿಪ್. ಮಳೆಗಾಲದ ಕರೆಂಟ್ ನಂಬಿಕೊಂಡು ಎರಡು ರಾತ್ರಿ ಹೋಯಿತು. ಎಚ್‌ಜಿಟಿಗೆ 3601 ಸಾಲು ಬೇಕು, ಇದರಲ್ಲಿ 3600 ಇರುತ್ತದೆ, ಒಂದು ಸಾಲಿಗಾಗಿ ರೀಸ್ಯಾಂಪಲ್ ಮಾಡಬೇಕು, ಅಂದರೆ ಬಿಂದುಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿಸಬೇಕು. ಹಾಗೆ ಮಾಡುವಾಗ ದಶಮಾಂಶವೂ ಹೋಗಿ ಗದ್ದೆಯ ಮೆಟ್ಟಿಲು ವಾಪಸ್ ಬರುತ್ತದೆ. ಅದನ್ನು ಎಡಿಟರ್‌ನ ಬ್ರಷ್‌ನಲ್ಲಿ ತಿಕ್ಕುತ್ತೇನೆ. ಲೈಸೆನ್ಸ್ ಪ್ರಕಾರ ರೂಟನ್ನು ಮಾರುವ ಹಾಗಿಲ್ಲ. ನಾನಂತೂ ಮಾರುವವನಲ್ಲ, ಮಾರುವವರನ್ನು ನೋಡಿಯಾಯಿತು.

ಯಾವುದನ್ನು ಹಾಕಿದರೂ ಮಣ್ಣು ಪೇರಿಸಿ ಮಾಡಿದ ರೈಲ್ವೆ ಏರಿಗಳು, ಚಿರೆಕಲ್ಲು ಕಡಿದು ಮಾಡಿದ ಕಟಿಂಗ್‌ಗಳು ಕಾಣುವುದಿಲ್ಲ. 30 ಮೀಟರ್‌ಗೊಂದು ಬಿಂದು ಇದ್ದರೆ ಹತ್ತು ಮೀಟರ್ ಅಗಲದ ಏರಿ ಎಲ್ಲಿಂದ ಕಾಣಬೇಕು? ಸಿಮ್ಯುಲೇಟರ್‌ನ ನೆಲಕ್ಕೆ 8 ಮೀಟರ್‌ಗೊಂದು ಬಿಂದು ಇರುತ್ತದೆ, ನಡುವಿನದನ್ನು ಅದು ಊಹಿಸಿಕೊಳ್ಳುತ್ತದೆ ಅಷ್ಟೇ. ಹಾಗಾಗಿ ನೆಲ ನೋಡಿ ಹಳಿ ಹಾಕಬೇಡಿ. ಕೊಂಕಣ ರೈಲ್ವೆಯ ಏರು 150 ಮೀಟರ್‌ಗೆ 1 ಮೀಟರ್‌ನ ಒಳಗೇ ಇರಬೇಕು ಅಂತ ಕಟ್ಟಿದ್ದು. ಮೊದಲು ಆ ಲೆಕ್ಕದಲ್ಲಿ ಹಳಿ ಹಾಕಿ, ಆಮೇಲೆ ನೆಲವನ್ನು ಹಳಿಗೆ ತಂದು ಸೇರಿಸಿ. ಊರಿನಲ್ಲಿ ಆಗಿರುವ ಬದಲಾವಣೆ ಕೂಡ ಈ ಡೇಟಾಗಳಿಗೆ ಗೊತ್ತಿಲ್ಲ. 2024ರ ಜುಲೈಯಲ್ಲಿ ಕುಸಿದ ಶಿರೂರಿನ ಗುಡ್ಡ ಎಲ್ಲದರಲ್ಲೂ ಇನ್ನೂ ಇಡಿಯಾಗಿದೆ. ನಾನು ರೂಟಿನ ಕಾಲವನ್ನೇ 2015 ಅಂತ ಇಟ್ಟುಕೊಂಡೆ. 2024ರ ಆಗಸ್ಟ್‌ನಲ್ಲಿ ಬಿದ್ದ ಕಾಳಿಯ ಹಳೇ ರಸ್ತೆ ಸೇತುವೆ ನನ್ನಲ್ಲಿ ನಿಂತೇ ಇರುತ್ತದೆ.

ನಾನು ಡ್ರೈವರ್ ಕ್ಯಾಬ್‌ನಲ್ಲಿ ಕೂತೇ ಓಡಿಸುವವನು. ಹಳಿಯಿಂದ ಇನ್ನೂರು ಮೀಟರ್ ಆಚೆ ಈಚೆ ಸರಿ ಇದ್ದರೆ ಸಾಕು, ಮರದ ಸುಳ್ಳು ದಿಬ್ಬ ಕಣ್ಣಿಗೆ ಹೊಡೆಯುವುದೂ ಅಲ್ಲೇ. ಮೇಲಿನಿಂದ ಹದ್ದಿನ ಹಾಗೆ ನೋಡುವವರಿಗೆ ಕೊಪರ್ನಿಕಸ್ ಸಾಕು, ಕಾಡು ದಟ್ಟವಾಗಿ ಚೆಂದ ಕಾಣುತ್ತದೆ. ಲ್ಯಾಪ್‌ಟಾಪ್ ಹಳೇದು, ನೆಟ್ ನಿಧಾನ, ಸಮಯ ಕಡಿಮೆ ಅಂದರೆ ಎಸ್‌ಆರ್‌ಟಿಎಂ. ಹುಬ್ಬಳ್ಳಿ–ಅಂಕೋಲಾ ಲೈನ್ ಕಟ್ಟಿ ನೋಡುವ ಆಸೆ ಯಾರಿಗಾದರೂ ಇದ್ದರೆ, ಆ ಘಟ್ಟಕ್ಕೆ ಫ್ಯಾಬ್‌ಡೆಮ್ ಬಿಟ್ಟು ಬೇರೆ ಮುಟ್ಟಬೇಡಿ.

ಈಗ ಶರಾವತಿ ಸೇತುವೆ ಹಿಡಿದಿದ್ದೇನೆ. ಎರಡು ಕಿಲೋಮೀಟರ್ ಉದ್ದ, ಕೆಳಗೆ ಬರೀ ನೀರು, ಎತ್ತರದ ಡೇಟಾಕ್ಕೆ ಇಲ್ಲಿ ಕೆಲಸವೇ ಇಲ್ಲ. ಕಂಬ ಎಷ್ಟಿದೆ ಅಂತ ಎಣಿಸಬೇಕು. ಮೊನ್ನೆ ಹೆದ್ದಾರಿ ಸೇತುವೆ ಮೇಲೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಗೆ ಕೂತು ಎಣಿಸುತ್ತಿದ್ದೆ. ಅರ್ಧಕ್ಕೆ ಬರುವಷ್ಟರಲ್ಲಿ ಎದುರಿನಿಂದ ಲಾರಿ ಬಂತು, ಲೆಕ್ಕ ತಪ್ಪಿತು.