ಎಪ್ಪತ್ತು ಲೀಟರಿನ ಮಿಲಿಟರಿ ಚೀಲ: ದೊಡ್ಡದಾಗಿರುವುದೇ ಇದರ ದೋಷ

ಅಗ್ನಿವೀರ ನೇಮಕಾತಿಗೆ ತಯಾರಾಗುತ್ತಿರುವ ಅಕ್ಕನ ಮಗನಿಗಾಗಿ ಕಳೆದ ನವೆಂಬರಿನಲ್ಲಿ ಬಳ್ಳಾರಿಯ ಅಂಗಡಿಯೊಂದರಲ್ಲಿ 3,200 ರೂಪಾಯಿ ಕೊಟ್ಟು ಮಿಲಿಟರಿ ಮಾದರಿಯ 70 ಲೀಟರ್ ಬೆನ್ನುಚೀಲವನ್ನು ಕೊಂಡೆ. ನೇಮಕಾತಿಯ 1.6 ಕಿ.ಮೀ. ಓಟಕ್ಕೆ ಚೀಲದ ಅಗತ್ಯವಿಲ್ಲ. ಹೊರುವ ಕಾಲ ಬರುವುದು ತರಬೇತಿಗೆ ಸೇರಿದ ಮೇಲೆ. ಆದರೂ ಹೆಗಲಿಗೆ ಮೊದಲೇ ರೂಢಿಯಾಗಲಿ ಎಂಬುದು ಅವನ ಹಟ. ನಾನು ಪದಾತಿ ದಳದಲ್ಲಿ ಹದಿನೇಳು ವರ್ಷ ಪಿಟ್ಠು (ಸೈನಿಕರ ಬೆನ್ನುಚೀಲ) ಹೊತ್ತವನಾದ್ದರಿಂದ, ಅವನಿಗೆ ಕೊಡುವ ಮೊದಲು ಎರಡು ತಿಂಗಳು ನಾನೇ ಅದನ್ನು ಹೊತ್ತು ನೋಡಿದೆ.

ಲೇಬಲ್ಲಿನ ಪ್ರಕಾರ ಖಾಲಿ ಚೀಲದ ತೂಕ 2.2 ಕೆ.ಜಿ. ಗಂಗಾವತಿಯ ನಮ್ಮ ಓಣಿಯ ಕಿರಾಣಿ ಅಂಗಡಿಯ ತಕ್ಕಡಿ ತೋರಿಸಿದ್ದು 2.9 ಕೆ.ಜಿ. ಏಳುನೂರು ಗ್ರಾಂ ಏನು ಮಹಾ ಎನ್ನಬಹುದು; ಆದರೆ ನಮ್ಮ ಬಿಸಿಲಿನಲ್ಲಿ ಅದು ಮುಕ್ಕಾಲು ಲೀಟರಿಗೆ ಸ್ವಲ್ಪ ಕಡಿಮೆ ನೀರಿನ ತೂಕ, ಕುಡಿಯಲು ಮಾತ್ರ ಬಾರದ ನೀರು. ಅಂಗಡಿಯವರು ಜೊತೆಗೆ ಭಾರಿ ಬೂಟುಗಳನ್ನೂ ತೋರಿಸಿದರು, ನಾನು ಬೇಡವೆಂದೆ. ಕಾಲಿಗೆ ಕಟ್ಟಿದ ಒಂದು ಕಿಲೋ, ದಣಿವಿನ ಲೆಕ್ಕದಲ್ಲಿ ಬೆನ್ನಿನ ಮೇಲಿನ ಸುಮಾರು ಐದು ಕಿಲೋಗೆ ಸಮ, ಏಕೆಂದರೆ ಪ್ರತಿ ಹೆಜ್ಜೆಗೂ ಅದನ್ನು ಹೊಸದಾಗಿ ಎತ್ತಿ ಬೀಸಬೇಕು.

ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕದ ಸಮತಟ್ಟಾದ ದಾರಿಯಲ್ಲಿ 12 ಕೆ.ಜಿ. ಹಾಕಿಕೊಂಡು ನಡೆದಾಗ ಚೀಲದ ಬಗ್ಗೆ ದೂರಲು ಏನೂ ಇರಲಿಲ್ಲ. ನನ್ನ ತೂಕ 66 ಕೆ.ಜಿ.; ಹೊರೆ ದೇಹತೂಕದ ಮೂರನೇ ಒಂದು ಭಾಗವನ್ನು ದಾಟಬಾರದೆಂಬ ಹಳೆಯ ಲೆಕ್ಕದಂತೆ 22 ಕೆ.ಜಿ.ಗೆ ಏರಿಸಿದ ದಿನ ಬಣ್ಣ ಬಯಲಾಯಿತು. ನಾಲ್ಕನೇ ಕಿಲೋಮೀಟರಿಗೆ ಎಡಗೈ ಬೆರಳುಗಳಿಗೆ ಜೋಮು ಹಿಡಿಯಿತು. ಹೆಗಲಪಟ್ಟಿ ಕತ್ತಿನಿಂದ ತೋಳಿಗೆ ಇಳಿಯುವ ನರಗಳನ್ನು ಒತ್ತಿದರೆ ಹೀಗಾಗುತ್ತದೆ. ಅದನ್ನು ಲೆಕ್ಕಿಸದೆ ವಾರಗಟ್ಟಲೆ ಹೊತ್ತರೆ ತೋಳಿನ ಬಲವೇ ಕುಂದುವುದುಂಟು. ಭಾರದ ಬಹುಪಾಲನ್ನು ಹೆಗಲಿನಿಂದ ಸೊಂಟದ ಎಲುಬಿಗೆ ಇಳಿಸಬೇಕಾದದ್ದು ನಡುಪಟ್ಟಿ. ಈ ಚೀಲದಲ್ಲಿ ಇರುವುದು ಮೆತ್ತೆಯೇ ಇಲ್ಲದ, ಎರಡು ಬೆರಳಗಲದ ನೈಲಾನ್ ದಾರ, ಅದರ ಬಕಲ್ಲೂ ನಡೆಯುತ್ತ ನಡೆಯುತ್ತ ಸಡಿಲವಾಗುತ್ತದೆ. ಅಂಜನಾದ್ರಿ ಬೆಟ್ಟದ 575 ಮೆಟ್ಟಿಲುಗಳನ್ನು ಇದೇ ಭಾರದೊಂದಿಗೆ ಹತ್ತಿದಾಗ ಏದುಸಿರು ಬಂದದ್ದು ಹತ್ತುವಾಗಲೇ ಆದರೂ, ಚೀಲ ಬೆನ್ನಿನಿಂದ ದೂರ ಜೋತು ಹಿಂದಕ್ಕೆ ಎಳೆಯುತ್ತಿದ್ದುದರಿಂದ ಮೊಣಕಾಲು ನಡುಗಿದ್ದು ಇಳಿಯುವಾಗ. (ಕೋತಿಗಳು ಹೊರಜೇಬಿನ ಜಿಪ್ಪನ್ನು ಎಷ್ಟು ಎಳೆದರೂ ಅದು ಕಿತ್ತುಬರಲಿಲ್ಲ, ಜಿಪ್ಪಿಗೆ ಪೂರ್ಣ ಅಂಕ.)

ಬಟ್ಟೆ ಗಟ್ಟಿಯಾಗಿದೆ, ಮಳೆಹೊದಿಕೆ ಸಾಧಾರಣ.

ನಮ್ಮ ಗಂಜಿನಲ್ಲಿ (ಧಾನ್ಯದ ಮಾರುಕಟ್ಟೆಯಲ್ಲಿ) ಹಮಾಲರು 75 ಕೆ.ಜಿ.ಯ ಭತ್ತದ ಚೀಲ ಹೊರುತ್ತಾರಲ್ಲ, ಸೈನಿಕನಿಗೆ 30 ಕೆ.ಜಿ. ಯಾವ ಲೆಕ್ಕ ಎಂದು ಅಕ್ಕನ ಮಗ ಕೇಳಿದ. ಹಮಾಲ ಲಾರಿಯಿಂದ ಗೋದಾಮಿನವರೆಗೆ ಹೊತ್ತು ಇಳಿಸುತ್ತಾನೆ. ಸೈನಿಕ ದಿನವಿಡೀ ಹೊತ್ತು, ಕೊನೆಯಲ್ಲಿ ಗುರಿಯಿಟ್ಟು ಗುಂಡು ಹಾರಿಸಬೇಕು. 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟಿಷ್ ಮರೀನ್‌ಗಳು ಸುಮಾರು 36 ಕೆ.ಜಿ. ಹೊತ್ತು ಮೂರು ದಿನಗಳಲ್ಲಿ 90 ಕಿ.ಮೀ. ನಡೆದರು. ಅಮೆರಿಕದ ಸೇನೆಯ ಕೈಪಿಡಿ ದೀರ್ಘ ನಡಿಗೆಗೆ ಸುಮಾರು 33 ಕೆ.ಜಿ. ಸಾಕೆಂದಿದ್ದರೂ, 2003ರಲ್ಲಿ ಅಫ್ಘಾನಿಸ್ತಾನದಲ್ಲಿ ಅವರ ಪದಾತಿಗಳನ್ನು ತೂಗಿ ನೋಡಿದಾಗ ಸರಾಸರಿ ಹೊರೆ 45 ಕೆ.ಜಿ.ಯ ಆಸುಪಾಸಿನಲ್ಲಿತ್ತು. ಒಂದು ಕಾಲಕ್ಕೆ ದಂಡಿನ ಧಾನ್ಯ ಹೊರುತ್ತಿದ್ದುದು ಲಂಬಾಣಿಗರ ಎತ್ತುಗಳು. ಈಗ ಬ್ಯಾಟರಿ, ರೇಡಿಯೊ, ಗುಂಡುಕವಚ ಎಲ್ಲವೂ ಮನುಷ್ಯನ ಬೆನ್ನಿಗೇ ಬಂದಿವೆ. ಜಾಗವಿದ್ದಷ್ಟೂ ತುಂಬುವುದು ಮನುಷ್ಯನ ಸ್ವಭಾವವಾದ್ದರಿಂದ 70 ಲೀಟರಿನ ಚೀಲವನ್ನು ಕಲಿಯುವ ಹುಡುಗನ ಕೈಗೆ ಕೊಡುವುದು ತಪ್ಪೆಂದು ನನ್ನ ಅಭಿಪ್ರಾಯ. ಅವನು ಮೊದಲ ದಿನವೇ 28 ಕೆ.ಜಿ. ತುಂಬಿಕೊಂಡಿದ್ದ.

ಹಿಂದಿರುಗಿಸಲು ಹೋದರೆ ಅಂಗಡಿಯವರು ಒಪ್ಪಲಿಲ್ಲ. ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವವರೊಬ್ಬರು 250 ರೂಪಾಯಿಗೆ ಎರಡು ಪದರ ಡೆನಿಮ್ಮಿನ ನಡುವೆ ಫೋಮ್ ಇಟ್ಟು ಅಂಗೈ ಅಗಲದ ನಡುಪಟ್ಟಿ ಹೊಲಿದುಕೊಟ್ಟರು. ಅಂದಿನಿಂದ 22 ಕೆ.ಜಿ.ಯಲ್ಲೂ ಜೋಮು ಬಂದಿಲ್ಲ. ಹೊಸದಾಗಿ ಕೊಳ್ಳುವವರು 45 ಲೀಟರಿನದನ್ನೇ ಕೇಳಲಿ, ಅಂಗಡಿಯಲ್ಲೇ ಹತ್ತು ಕಿಲೋ ತುಂಬಿಸಿ, ನಡುಪಟ್ಟಿ ಬಿಗಿದು, ಹೆಗಲಪಟ್ಟಿಯ ಕೆಳಗೆ ಬೆರಳು ಸಲೀಸಾಗಿ ತೂರುತ್ತದೆಯೇ ಎಂದು ನೋಡಲಿ. ನಮ್ಮ ಚೀಲದ ಮೇಲಿನ ಭಾಗವನ್ನು ಅದೇ ದರ್ಜಿಯಿಂದ ಮಡಚಿ ಹೊಲಿಸಿಬಿಟ್ಟಿದ್ದೇನೆ. ಹುಡುಗ ಎಷ್ಟೇ ತುರುಕಿದರೂ ಈಗ 18 ಕೆ.ಜಿ. ದಾಟುವುದಿಲ್ಲ.