ನಮ್ಮ ತಾಲೂಕಿನ ರೋಟರಿ ಕ್ಲಬ್: ಸೇವೆ, ವಾರದ ಸಭೆ ಮತ್ತು ಮುಂದಿನ ಕಾರ್ಯಕ್ರಮಗಳು

ಮಲೆನಾಡಿನ ನಮ್ಮ ತಾಲೂಕು ಕೇಂದ್ರದಲ್ಲಿ ಉಚಿತ ಕಣ್ಣಿನ ತಪಾಸಣೆ, ರಕ್ತದಾನ ಶಿಬಿರ, ಸರ್ಕಾರಿ ಶಾಲೆಗಳಿಗೆ ಶೌಚಾಲಯ ಮತ್ತು ಕುಡಿಯುವ ನೀರಿನ ವ್ಯವಸ್ಥೆ ಮೊದಲಾದ ಕೆಲಸಗಳ ಹಿಂದೆ ಹೆಚ್ಚಾಗಿ ಕಾಣಸಿಗುವ ಹೆಸರು ರೋಟರಿ ಕ್ಲಬ್ಬಿನದು. ನಾನು ಅದರ ಸದಸ್ಯನಲ್ಲ. ಸರ್ಕಾರಿ ಪ್ರೌಢಶಾಲೆಯ ಶಿಕ್ಷಕನಾಗಿ, ಶಾಲೆಯ ಇಂಟರಾಕ್ಟ್ ಕ್ಲಬ್ಬನ್ನು (ರೋಟರಿಯ ಮಕ್ಕಳ ಕ್ಲಬ್ಬು) ನೋಡಿಕೊಳ್ಳುವವನಾಗಿ ಅದರ ಸಭೆಗಳಿಗೆ ಅತಿಥಿಯಾಗಿ ಹೋಗಿಬಂದಿದ್ದೇನೆ. ಸೇವೆ ಪಡೆಯಲು ಬಂದವರ ಸಾಲಿನಲ್ಲಿಯೂ ನಿಂತಿದ್ದೇನೆ. ಸದಸ್ಯರಾಗುವ ಯೋಚನೆಯಲ್ಲಿರುವವರಿಗೂ, ಮನೆಯ ಹಿರಿಯರನ್ನು ಶಿಬಿರಕ್ಕೆ ಕರೆದೊಯ್ಯಬೇಕೆಂದಿರುವವರಿಗೂ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುವುದಾದರೆ, ಒಮ್ಮೆ ಮಾಡಿದ ಕೆಲಸವನ್ನು ಮರಳಿ ಹೋಗಿ ನೋಡುವುದರಲ್ಲಿ ಈ ಕ್ಲಬ್ಬು ಉತ್ತಮ, ವೇದಿಕೆಯ ಮೇಲೆ ಸಾಧಾರಣ. ಐದಕ್ಕೆ ನಾಲ್ಕು ಅಂಕ ಕೊಡಲು ನನಗೆ ಹಿಂಜರಿಕೆಯಿಲ್ಲ.

ಹಿನ್ನೆಲೆ ತಿಳಿಯದವರಿಗಾಗಿ ಎರಡು ಮಾತು. 1905ರ ಫೆಬ್ರವರಿ 23ರಂದು ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರೊಡನೆ ಆರಂಭಿಸಿದ ಈ ಸಂಸ್ಥೆಯು 1920ರ ವೇಳೆಗೆ ಕಲ್ಕತ್ತೆಯಲ್ಲಿಯೂ 1934ರಲ್ಲಿ ಬೆಂಗಳೂರಿನಲ್ಲಿಯೂ ನೆಲೆಯೂರಿತು. ಈಗ ಶಿವಮೊಗ್ಗ, ಚಿಕ್ಕಮಗಳೂರು, ಹಾಸನ, ಉಡುಪಿ ಭಾಗದ ಕ್ಲಬ್ಬುಗಳು 3182ನೇ ರೋಟರಿ ಜಿಲ್ಲೆಗೂ, ಮೈಸೂರು, ಕೊಡಗು, ದಕ್ಷಿಣ ಕನ್ನಡದವು 3181ನೇ ಜಿಲ್ಲೆಗೂ ಸೇರಿವೆ. ರೋಟರಿಯ ಈ ಜಿಲ್ಲೆಗೂ ಕಂದಾಯ ಜಿಲ್ಲೆಗೂ ಸಂಬಂಧವಿಲ್ಲ. ಆದ್ದರಿಂದ ಆಮಂತ್ರಣ ಪತ್ರಿಕೆಯಲ್ಲಿ ‘ಜಿಲ್ಲಾ ಗವರ್ನರ್’ ಎಂದು ಕಂಡಾಗ ಯಾವುದೋ ಸರ್ಕಾರಿ ಅಧಿಕಾರಿ ಬರುತ್ತಾರೆಂದು ಭಾವಿಸಬೇಕಾಗಿಲ್ಲ.

ಕ್ಲಬ್ಬಿನ ಸಭೆ ಪ್ರತಿ ವಾರ ಒಂದು ಸಂಜೆ ನಡೆಯುತ್ತದೆ. 2016ರಿಂದ ತಿಂಗಳಿಗೆ ಕನಿಷ್ಠ ಎರಡು ಸಭೆ ನಡೆಸಿದರೂ ಸಾಕೆಂದು ರೋಟರಿಯ ನಿಯಮ ಸಡಿಲವಾಗಿದ್ದರೂ ಇಲ್ಲಿನವರು ವಾರದ ಸಭೆಯನ್ನು ಬಿಟ್ಟಿಲ್ಲ. ಅಧ್ಯಕ್ಷರು ಗಂಟೆ ಬಾರಿಸಿ ಸಭೆಯನ್ನು ಆರಂಭಿಸುತ್ತಾರೆ. ಪ್ರಾರ್ಥನೆ, ಸ್ವಾಗತ, ಆ ವಾರದ ಹುಟ್ಟುಹಬ್ಬ ಮತ್ತು ವಿವಾಹ ವಾರ್ಷಿಕೋತ್ಸವಗಳ ಶುಭಾಶಯ, ಕಾರ್ಯದರ್ಶಿಯ ವರದಿ, ಅತಿಥಿ ಉಪನ್ಯಾಸ, ವಂದನಾರ್ಪಣೆ, ರಾಷ್ಟ್ರಗೀತೆ, ಆಮೇಲೆ ಊಟ. ಊಟಕ್ಕೆ ಇವರು ‘ಫೆಲೋಶಿಪ್’ ಎನ್ನುತ್ತಾರೆ. ಸಭೆಯ ನಡುವೆ ಎಲ್ಲರೂ ಸೇರಿ ಹೇಳುವ ನಾಲ್ಕು ಪ್ರಶ್ನೆಗಳಿವೆ: ಇದು ಸತ್ಯವೇ, ಸಂಬಂಧಪಟ್ಟ ಎಲ್ಲರಿಗೂ ನ್ಯಾಯವೇ, ಸದ್ಭಾವನೆಯನ್ನೂ ಸ್ನೇಹವನ್ನೂ ಬೆಳೆಸುವುದೇ, ಎಲ್ಲರಿಗೂ ಹಿತವೇ. ಮುಳುಗುತ್ತಿದ್ದ ಕಂಪನಿಯೊಂದನ್ನು ಉಳಿಸಿಕೊಳ್ಳಲು ಹರ್ಬರ್ಟ್ ಟೇಲರ್ ಎಂಬವರು 1932ರಲ್ಲಿ ರಚಿಸಿಕೊಂಡ ಈ ಪ್ರಶ್ನೆಗಳನ್ನು ರೋಟರಿ 1943ರಲ್ಲಿ ತನ್ನದಾಗಿಸಿಕೊಂಡಿತು. ವ್ಯಾಪಾರಿಗಳೇ ಹೆಚ್ಚಿರುವ ಸಭೆಯಲ್ಲಿ ವಾರಕ್ಕೊಮ್ಮೆ ಇದನ್ನು ಗಟ್ಟಿಯಾಗಿ ಹೇಳಿಸುವುದು ನನಗೆ ಇಷ್ಟವಾದ ಪದ್ಧತಿ. ಅದು ಬಾಯಿಪಾಠವಾಗಿ ಉಳಿಯುವ ಅಪಾಯವೂ ಇದ್ದೇ ಇದೆ.

ಹೊರಗಿನವರಿಗೆ ಈ ಸಭೆಗಳಲ್ಲಿ ಅತಿಥಿ ಉಪನ್ಯಾಸವೇ ಮುಖ್ಯ ಆಕರ್ಷಣೆ. ಪಶುವೈದ್ಯರು, ಅರಣ್ಯಾಧಿಕಾರಿಗಳು, ಸಹಕಾರ ಸಂಘದ ಕಾರ್ಯದರ್ಶಿ, ಅಂಚೆ ಇಲಾಖೆಯವರು, ಹೀಗೆ ಊರಿನಲ್ಲಿ ದಿನವೂ ಕಾಣುವ ಜನರೇ ತಮ್ಮ ಕೆಲಸದ ಒಳಹೊರಗನ್ನು ಬಿಡಿಸಿ ಹೇಳುತ್ತಾರೆ. ಉಪನ್ಯಾಸಕ್ಕಿಂತ ಅನಂತರದ ಪ್ರಶ್ನೋತ್ತರ ಚೆನ್ನಾಗಿರುತ್ತದೆ. ಮೈಕು ಆರಿಸಿದ ಮೇಲೆ, ಊಟದ ತಟ್ಟೆ ಹಿಡಿದುಕೊಂಡು ನಡೆಯುವ ಮಾತುಕತೆ ಅದಕ್ಕಿಂತಲೂ ಚೆನ್ನಾಗಿರುತ್ತದೆ. ನಮ್ಮ ಶಾಲೆಯ ಕೊಳವೆಬಾವಿಯ ಪಂಪಿನ ವಿಷಯ ಇತ್ಯರ್ಥವಾದದ್ದು ಅಂಥ ಮಾತುಕತೆಯಲ್ಲಿಯೇ. ಎಂಜಿನಿಯರು, ಹಾರ್ಡ್‌ವೇರ್ ಅಂಗಡಿಯವರು, ಬ್ಯಾಂಕಿನ ಮ್ಯಾನೇಜರು, ವೈದ್ಯರು ಒಂದೇ ಕೋಣೆಯಲ್ಲಿ ವಾರಕ್ಕೊಮ್ಮೆ ಸೇರುತ್ತಾರೆಂಬುದೇ ಈ ಸಂಸ್ಥೆಯ ನಿಜವಾದ ಬಂಡವಾಳವೆಂದು ನನ್ನ ಎಣಿಕೆ.

ಇನ್ನು ಸೇವೆಗಳಿಗೆ ಬರೋಣ. ಇವುಗಳಲ್ಲಿ ಕಣ್ಣಿನ ಶಿಬಿರಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ಬೆಳಿಗ್ಗೆ ಹೆಸರು ನೋಂದಣಿಯಾದ ಮೇಲೆ ಅಕ್ಷರಗಳ ಫಲಕ ತೋರಿಸಿ ದೃಷ್ಟಿ ಪರೀಕ್ಷೆ, ಕಣ್ಣಿನ ಒತ್ತಡದ ಪರೀಕ್ಷೆ, ಬಿ.ಪಿ. ಮತ್ತು ರಕ್ತದ ಸಕ್ಕರೆಯ ತಪಾಸಣೆ ಕ್ರಮವಾಗಿ ನಡೆಯುತ್ತವೆ. ಕಣ್ಣಿನ ಪೊರೆ ಇರುವವರನ್ನು ಆರಿಸಿ ಆಸ್ಪತ್ರೆಯ ವಾಹನದಲ್ಲಿಯೇ ಕರೆದುಕೊಂಡು ಹೋಗಿ, ಶಸ್ತ್ರಚಿಕಿತ್ಸೆ ಮಾಡಿಸಿ, ಮರಳಿ ಊರಿಗೆ ತಂದು ಬಿಡುತ್ತಾರೆ. ಇಷ್ಟನ್ನು ಬೇರೆ ಸಂಸ್ಥೆಗಳೂ ಮಾಡುತ್ತವೆ. ಲಯನ್ಸ್ ಕ್ಲಬ್ಬುಗಳಿಗಂತೂ 1925ರಲ್ಲಿ ಕಣ್ಣು ಕಾಣದ ಅಮೆರಿಕದ ಲೇಖಕಿ ಹೆಲೆನ್ ಕೆಲ್ಲರ್ ಅವರು ಕರೆ ಕೊಟ್ಟಂದಿನಿಂದ ಇದೇ ಹೆಗ್ಗುರುತು. ನಮ್ಮ ಕ್ಲಬ್ಬಿನ ವೈಶಿಷ್ಟ್ಯವಿರುವುದು ಅನಂತರದ ವಾರಗಳಲ್ಲಿ. ಶಸ್ತ್ರಚಿಕಿತ್ಸೆಯಾದವರು ವಾರಗಟ್ಟಲೆ ತಪ್ಪದೆ ಕಣ್ಣಿಗೆ ಹನಿ ಹಾಕಿಕೊಳ್ಳಬೇಕು, ಮರುಪರೀಕ್ಷೆಗೆ ಹೇಳಿದ ದಿನ ಹೋಗಬೇಕು. ಒಬ್ಬೊಂಟಿ ಮುದುಕಿಯೊಬ್ಬಳು ಕಾಡಂಚಿನ ಮನೆಯಲ್ಲಿ ಈ ಎರಡನ್ನೂ ತಾನಾಗಿಯೇ ನಿಭಾಯಿಸುವುದು ಸುಲಭವಲ್ಲ. ಕ್ಲಬ್ಬಿನವರು ರೋಗಿಗಳ ಪಟ್ಟಿಯನ್ನು ಊರುವಾರು ಹಂಚಿಕೊಂಡು, ಮನೆಗೆ ಫೋನು ಮಾಡಿ, ಫೋನಿಲ್ಲದ ಕಡೆ ಆಶಾ ಕಾರ್ಯಕರ್ತೆಯರ ಮೂಲಕ ವಿಚಾರಿಸಿ, ಮರುಪರೀಕ್ಷೆಯ ದಿನಕ್ಕೆ ಜೀಪು ಕಳಿಸುತ್ತಾರೆ.

ಶಿಬಿರದ ಕಾಲವನ್ನು ಅವರು ಬದಲಾಯಿಸಿಕೊಂಡದ್ದೂ ಗಮನಿಸಬೇಕಾದ ಸಂಗತಿ. ಮೊದಲು ಅದು ದೀಪಾವಳಿಯ ಆಸುಪಾಸಿನಲ್ಲಿ ನಡೆಯುತ್ತಿತ್ತು. ಆಗ ಅಡಿಕೆ ಕೊಯ್ಲು ಶುರುವಾಗಿರುತ್ತದೆ; ಮನೆಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ, ಅಂಗಳದಲ್ಲಿ ಅಡಿಕೆ ಬೇಯಿಸುವ ಹಂಡೆಯ ಹೊಗೆ ಬೇರೆ. ಹೊಸದಾಗಿ ಶಸ್ತ್ರಚಿಕಿತ್ಸೆಯಾದ ಕಣ್ಣಿಗೆ ಹೊಗೆಯೂ ದೂಳೂ ಆಗದೆಂದು ವೈದ್ಯರು ಎಚ್ಚರಿಸುತ್ತಾರಾದರೂ ಸುಗ್ಗಿಯಲ್ಲಿ ಸುಮ್ಮನೆ ಕೂರುವ ಹಿರಿಯರು ನಮ್ಮಲ್ಲಿ ಎಷ್ಟು ಜನ? ಇದನ್ನು ಕಂಡುಕೊಂಡು ಶಿಬಿರವನ್ನು ಫೆಬ್ರವರಿಗೆ ತಳ್ಳಿದ್ದಾರೆ. ವರ್ಷಕ್ಕೊಬ್ಬ ಅಧ್ಯಕ್ಷರು ಬಂದುಹೋಗುವ ಸಂಸ್ಥೆಯಲ್ಲಿ ಇಂಥ ಅನುಭವ ಉಳಿದುಕೊಂಡಿರುವುದಕ್ಕೆ ಕಾರಣ, ಅಧ್ಯಕ್ಷರು ಯಾರೇ ಆಗಲಿ, ಕಣ್ಣಿನ ಶಿಬಿರದ ಸಮಿತಿಯಲ್ಲಿ ಹಳಬರೇ ಮುಂದುವರಿಯುವುದು.

ರಕ್ತದಾನ ಶಿಬಿರಗಳು ಅಚ್ಚುಕಟ್ಟಾಗಿರುತ್ತವೆ. ತೂಕ, ಹಿಮೋಗ್ಲೋಬಿನ್ ನೋಡದೆ ಯಾರನ್ನೂ ಮಂಚ ಹತ್ತಿಸುವುದಿಲ್ಲ, ಹಿಮೋಗ್ಲೋಬಿನ್ 12.5ಕ್ಕಿಂತ ಕಡಿಮೆಯಿರುವ ಹೆಣ್ಣುಮಕ್ಕಳನ್ನು ‘ನಿಮಗಾಗುವುದಿಲ್ಲ’ ಎಂದಷ್ಟೇ ಹೇಳಿ ಕಳಿಸದೆ, ತಾಲೂಕು ಆಸ್ಪತ್ರೆಗೆ ಚೀಟಿ ಬರೆದುಕೊಡುವ ಪದ್ಧತಿ ಇತ್ತೀಚೆಗೆ ಬಂದಿದೆ. ಬೆಂಗಳೂರಿನ ತಿಪ್ಪಸಂದ್ರದಲ್ಲಿರುವ ರೋಟರಿ ಟಿಟಿಕೆ ರಕ್ತನಿಧಿಯಂತಹ ಸ್ಥಿರ ವ್ಯವಸ್ಥೆಯನ್ನು ತಾಲೂಕು ಕೇಂದ್ರದಲ್ಲಿ ನಿರೀಕ್ಷಿಸುವಂತಿಲ್ಲ. ಆದರೆ ಗಂಡಸರು 90 ದಿನಗಳಿಗೊಮ್ಮೆ, ಹೆಂಗಸರು 120 ದಿನಗಳಿಗೊಮ್ಮೆ ರಕ್ತ ಕೊಡಬಹುದಾಗಿರುವಾಗ ವರ್ಷಕ್ಕೆ ಒಂದೇ ದೊಡ್ಡ ಶಿಬಿರ ಮಾಡುವುದರ ಬದಲು ಚಿಕ್ಕಚಿಕ್ಕ ಶಿಬಿರಗಳನ್ನು ಹಂಚಿ ಮಾಡಿದರೆ ಹೆಚ್ಚು ಉಪಯೋಗವಾದೀತು. ರಕ್ತವನ್ನು ಕೂಡಿಟ್ಟುಕೊಳ್ಳಲು ಬರುವುದಿಲ್ಲ. ಕೆಂಪು ರಕ್ತಕಣಗಳ ಬಾಳಿಕೆಯೇ ಸುಮಾರು ಆರು ವಾರ.

ಶಾಲೆಗಳ ವಿಷಯದಲ್ಲಿ ನನ್ನದು ಪಕ್ಷಪಾತದ ಮಾತಾಗಬಹುದು. ಇಂಟರಾಕ್ಟ್ ಕ್ಲಬ್ಬು 12ರಿಂದ 18 ವಯಸ್ಸಿನ ಮಕ್ಕಳಿಗೆಂದು 1962ರಲ್ಲಿ ಆರಂಭವಾದ ವ್ಯವಸ್ಥೆ. ವರ್ಷಕ್ಕೆ ಕನಿಷ್ಠ ಎರಡು ಯೋಜನೆಗಳನ್ನು ಮಕ್ಕಳೇ ನಡೆಸಬೇಕು, ಅವುಗಳಲ್ಲಿ ಒಂದು ಶಾಲೆಗೋ ಊರಿಗೋ ಉಪಯೋಗವಾಗುವಂಥದ್ದಾಗಿರಬೇಕು, ಇನ್ನೊಂದು ಬೇರೆ ದೇಶಗಳ ಜನರನ್ನು ತಿಳಿಯುವಂಥದ್ದಾಗಿರಬೇಕು. ಕ್ಲಬ್ಬಿನವರು ಹಣ ಕೊಟ್ಟು ಕೈತೊಳೆದುಕೊಳ್ಳದೆ ಮಕ್ಕಳ ಸಭೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಲೆಕ್ಕಪತ್ರ ಓದಿದಾಗ ಖರ್ಚಿನ ಒಂದು ಬಾಬ್ತಿನ ಬಗ್ಗೆ ಅವರು ಪ್ರಶ್ನೆ ಕೇಳಿದ್ದನ್ನು ನೋಡಿದ್ದೇನೆ. ಅವಳು ಚೀಟಿ ತೆಗೆದು ತೋರಿಸಿದಳು. ಭಾಷಣದಿಂದ ಇದನ್ನು ಕಲಿಸಲಾಗುವುದಿಲ್ಲ.

ನೀರಿನ ಶುದ್ಧೀಕರಣ ಘಟಕಗಳ ಕಥೆಯಲ್ಲಿ ಮರಳಿ ನೋಡುವ ಗುಣ ಇನ್ನಷ್ಟು ಸ್ಪಷ್ಟವಾಗುತ್ತದೆ. ನಮ್ಮ ನೆರೆಯ ಶಾಲೆಯೊಂದಕ್ಕೆ ಬೇರೊಂದು ಸಂಸ್ಥೆ (ಹೆಸರು ಬೇಡ) ಕೊಟ್ಟ ಘಟಕವು ಫಿಲ್ಟರ್ ಬದಲಾಯಿಸುವವರಿಲ್ಲದೆ ಕೆಟ್ಟುನಿಂತು, ದಾನಿಗಳ ಹೆಸರಿನ ಫಲಕ ಮಾತ್ರ ಹೊಳೆಯುತ್ತಿದೆ. ರೋಟರಿಯವರು ನಮ್ಮ ಶಾಲೆಗೆ ಘಟಕ ಕೊಡುವಾಗ ಫಿಲ್ಟರಿನ ಖರ್ಚನ್ನು ಮುಂದಿನ ವರ್ಷಗಳಲ್ಲಿ ಯಾರು ಭರಿಸಬೇಕೆಂದು ಶಾಲಾಭಿವೃದ್ಧಿ ಸಮಿತಿಯೊಡನೆ ಕುಳಿತು ಮೊದಲೇ ಬರೆಸಿಕೊಂಡರು. ಆಗ ಅದು ನಮಗೆ ಸ್ವಲ್ಪ ಕಿರಿಕಿರಿಯೆನಿಸಿತ್ತು. ಘಟಕ ಈಗಲೂ ನಡೆಯುತ್ತಿದೆ.

ಕೊರತೆಗಳನ್ನೂ ಹೇಳಬೇಕು. ರೋಟರಿ ವರ್ಷ ಜುಲೈ 1ಕ್ಕೆ ಆರಂಭವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಪದಗ್ರಹಣ ಸಮಾರಂಭ ನಮ್ಮ ಕಡೆ ಸರಿಯಾಗಿ ಆರಿದ್ರಾ-ಪುನರ್ವಸು ಮಳೆಯ ಹೊತ್ತಿಗೆ ಬೀಳುತ್ತದೆ, ಅದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಅಧ್ಯಕ್ಷಪದವಿಯ ಗುರುತಾದ ಕೊರಳಪಟ್ಟಿಯ ಹಸ್ತಾಂತರದಿಂದ ಹಿಡಿದು ಶಾಲು, ಹಾರ, ಹಣ್ಣಿನ ಬುಟ್ಟಿಗಳ ಸನ್ಮಾನದವರೆಗೆ ವೇದಿಕೆಯ ಮೇಲಿನವರೆಲ್ಲರೂ ಮಾತನಾಡಿ ಮುಗಿಸುವಷ್ಟರಲ್ಲಿ ಹಳ್ಳಿಗಳಿಗೆ ಕೊನೆಯ ಬಸ್ಸು ಹೊರಟುಹೋಗಿರುತ್ತದೆ. ಸದಸ್ಯರ ಮಡದಿಯರನ್ನು ‘ಆನ್ಸ್’, ಮಕ್ಕಳನ್ನು ‘ಆನೆಟ್ಸ್’ ಎಂದು ಕರೆಯುವ ಹಳೆಯ ರೂಢಿ ಇನ್ನೂ ಇದೆ. 1989ರಲ್ಲಿಯೇ ಮಹಿಳೆಯರಿಗೆ ಸದಸ್ಯತ್ವದ ಬಾಗಿಲು ತೆರೆದು, 2022ರಲ್ಲಿ ಜೆನಿಫರ್ ಜೋನ್ಸ್ ಅವರನ್ನು ಅಂತರರಾಷ್ಟ್ರೀಯ ಅಧ್ಯಕ್ಷೆಯನ್ನಾಗಿ ಕಂಡ ಸಂಸ್ಥೆಯ ನಮ್ಮೂರಿನ ಶಾಖೆಯಲ್ಲಿ, ವೈದ್ಯೆಯೊಬ್ಬರನ್ನು ಅವರ ಪತಿಯ ಹೆಸರಿನ ಜೊತೆಗೆ ವೇದಿಕೆಗೆ ಕರೆಯುವುದು ಹೊಂದುವುದಿಲ್ಲ. ಸಭೆಯ ನಿರೂಪಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇಂಗ್ಲಿಷ್ ತುಂಬಿರುವುದು ಇನ್ನೊಂದು ಆಕ್ಷೇಪ. ಹಳ್ಳಿಯಿಂದ ಬಂದ ಫಲಾನುಭವಿಗಳು ಯಾವಾಗ ಚಪ್ಪಾಳೆ ತಟ್ಟಬೇಕೆಂದು ಅಕ್ಕಪಕ್ಕ ನೋಡುವಂತಾಗಬಾರದು.

ಸದಸ್ಯರಾಗಬಯಸುವವರು ತಿಳಿದಿರಬೇಕಾದದ್ದು: ಇಲ್ಲಿ ಅರ್ಜಿ ಹಾಕಿ ಸೇರುವ ಪದ್ಧತಿಗಿಂತ ಸದಸ್ಯರೊಬ್ಬರು ಹೆಸರು ಸೂಚಿಸಿ, ಕ್ಲಬ್ಬು ಆಹ್ವಾನಿಸುವ ಪದ್ಧತಿ ಹೆಚ್ಚು. ವಾರ್ಷಿಕ ಚಂದಾದಲ್ಲಿ ಒಂದು ಪಾಲು ಅಂತರರಾಷ್ಟ್ರೀಯ ಸಂಸ್ಥೆಗೆ, ಒಂದು ಪಾಲು ರೋಟರಿ ಜಿಲ್ಲೆಗೆ, ಉಳಿದದ್ದು ಕ್ಲಬ್ಬಿಗೆ. ಊಟದ ಖರ್ಚು, ಸಮ್ಮೇಳನಗಳ ಓಡಾಟ ಇವೆಲ್ಲ ಬೇರೆ. ಸಂಬಳದಲ್ಲಿ ಸಂಸಾರ ತೂಗಿಸುವವರಿಗೆ ಇದು ಹಗುರವಲ್ಲ. ಹದಿನೆಂಟು ತುಂಬಿದ ಯುವಕ ಯುವತಿಯರಿಗೆ ರೋಟರಾಕ್ಟ್ ಇದೆ, ಅದರ ಖರ್ಚು ಬಹಳ ಕಡಿಮೆ.

ಇನ್ನು ಬರಲಿರುವ ಸಭೆಗಳು. ಅಕ್ಟೋಬರ್ 24 ವಿಶ್ವ ಪೋಲಿಯೋ ದಿನ. ಅಂದು ಬಸ್ ನಿಲ್ದಾಣದಿಂದ ತಾಲೂಕು ಆಸ್ಪತ್ರೆಯವರೆಗೆ ಮಕ್ಕಳ ಜಾಥಾ ಮತ್ತು ಸಂಜೆ ಸಭೆ. 1985ರಲ್ಲಿ ರೋಟರಿ ಈ ರೋಗದ ನಿರ್ಮೂಲನೆಯ ಪಣ ತೊಟ್ಟಾಗ ಅದು ಭಾರತದಲ್ಲಿ ಮನೆಮಾತಾಗಿದ್ದ ರೋಗ. ಕೊನೆಯ ಪ್ರಕರಣ 2011ರ ಜನವರಿ 13ರಂದು ಹೌರಾದಲ್ಲಿ ಕಂಡುಬಂತು, 2014ರ ಮಾರ್ಚ್ 27ರಂದು ದೇಶ ಪೋಲಿಯೋಮುಕ್ತವೆಂದು ದೃಢೀಕೃತವಾಯಿತು. ಈಗಿನ ಎಳೆಯ ತಾಯಂದಿರು ಆ ರೋಗಿಗಳನ್ನು ನೋಡಿಯೇ ಇಲ್ಲವಾದ್ದರಿಂದ ಹನಿ ಹಾಕಿಸುವುದರಲ್ಲಿ ಉದಾಸೀನ ಹುಟ್ಟುವ ಸಾಧ್ಯತೆ ಇದೆಯೆಂಬುದೇ ಈ ಬಾರಿಯ ಚರ್ಚೆಯ ವಿಷಯ. ಪಾಕಿಸ್ತಾನ, ಆಫ್ಘಾನಿಸ್ತಾನಗಳಲ್ಲಿ ವೈರಾಣು ಇನ್ನೂ ಉಳಿದಿದೆ.

ನವೆಂಬರ್ ತಿಂಗಳು ರೋಟರಿ ಪ್ರತಿಷ್ಠಾನಕ್ಕೆ ಮೀಸಲು. ದೇಣಿಗೆಯ ಮಾತು ಹೆಚ್ಚಿರುತ್ತದೆ, ಅತಿಥಿಗಳಿಗೆ ಅಷ್ಟೇನೂ ರುಚಿಸದು. ಡಿಸೆಂಬರಿನ ಸಭೆಯೊಂದನ್ನು ತಪ್ಪಿಸಿಕೊಳ್ಳಬೇಡಿ. ಅದು ರೋಗ ತಡೆಗಟ್ಟುವಿಕೆಯ ತಿಂಗಳಾದ್ದರಿಂದ ಆರೋಗ್ಯ ಇಲಾಖೆಯವರು ಮಂಗನ ಕಾಯಿಲೆಯ ಬಗ್ಗೆ ಮಾತನಾಡಲಿದ್ದಾರೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಚಳಿಗಾಲದಿಂದ ಬೇಸಿಗೆಯವರೆಗೆ ಉಣ್ಣೆಗಳ ಮೂಲಕ ಹರಡುತ್ತದೆ. ದರಗು, ಸೊಪ್ಪು, ಸೌದೆಗೆಂದು ಕಾಡಿಗೆ ಹೋಗುವವರು ಕೇಳಲೇಬೇಕಾದ ವಿಷಯ. ಆ ಸಭೆಯನ್ನು ಪೂರ್ತಿ ಕನ್ನಡದಲ್ಲಿ, ಊಟಕ್ಕೆ ಮುಂಚೆಯೇ, ಬಸ್ಸಿನ ವೇಳೆಗೆ ಮುಗಿಯುವಂತೆ ಇಟ್ಟುಕೊಂಡಿದ್ದಾರೆಂದು ತಿಳಿದು ಸಂತೋಷವಾಯಿತು. ಮುಂದಿನ ಸಾಲಿನ ಪದಾಧಿಕಾರಿಗಳ ಆಯ್ಕೆಯ ವಾರ್ಷಿಕ ಸಭೆಯೂ ಡಿಸೆಂಬರ್ 31ರೊಳಗೆ ನಡೆಯಬೇಕು, ಅದು ಸದಸ್ಯರಿಗೆ ಮಾತ್ರ.

ಫೆಬ್ರವರಿಯ ಕಣ್ಣಿನ ಶಿಬಿರಕ್ಕೆ ಹೆಸರು ಬರೆಸಿಕೊಳ್ಳುವುದು ಜನವರಿಯಲ್ಲಿ ಆರಂಭವಾಗುತ್ತದೆ. ಆಧಾರ್ ಮತ್ತು ಪಡಿತರ ಚೀಟಿಯ ಪ್ರತಿ, ಮನೆಯಲ್ಲಿ ಸದಾ ಎತ್ತಿಕೊಳ್ಳುವವರೊಬ್ಬರ ಫೋನ್ ನಂಬರು, ಈಗ ಸೇವಿಸುತ್ತಿರುವ ಮಾತ್ರೆಗಳ ಚೀಟಿ ಇವಿಷ್ಟನ್ನು ಒಯ್ಯಿರಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಶಸ್ತ್ರಚಿಕಿತ್ಸೆಯನ್ನು ಮುಂದೂಡುತ್ತಾರೆ, ಆದ್ದರಿಂದ ಈಗಿನಿಂದಲೇ ಪಥ್ಯ ಮತ್ತು ಮಾತ್ರೆಗಳ ಕಡೆ ಗಮನವಿರಲಿ. ವಾರದ ಸಭೆಗೆ ಅತಿಥಿಯಾಗಿ ಬರಬೇಕೆಂದಿದ್ದರೆ ಅಂದು ಮಧ್ಯಾಹ್ನದೊಳಗೆ ಕಾರ್ಯದರ್ಶಿಗಳಿಗೆ ತಿಳಿಸಿದರೆ ಸಾಕು. ಊಟದ ಲೆಕ್ಕ ಕೊಡುವುದು ಆ ಹೊತ್ತಿಗೇ.