ಕಾರ್ಖಾನೆಯ ಬಿಸಿಗೆ ಯಾವ ಪುಟ್ಟ ಅಣು ರಿಯಾಕ್ಟರ್?

ಮೊದಲು ಎಷ್ಟು ಬಿಸಿ ಬೇಕು ಅಂತ ನೋಡಿ. ಕಾಗದ ಒಣಗಿಸಲು 200 ಡಿಗ್ರಿಯೊಳಗಿನ ಹಬೆ ಸಾಕು. ಅದಕ್ಕೆ ನೀರಿನಿಂದ ತಂಪಾಗುವ ರಿಯಾಕ್ಟರೇ ಸರಿ. ಸುಮಾರು 300 ಡಿಗ್ರಿವರೆಗೆ ಕೊಡುತ್ತದೆ, ಪಳಗಿದ ತಂತ್ರ. ಸುಮ್ನೆ ಜಾಸ್ತಿ ಬಿಸಿಗೆ ದುಡ್ಡು ಸುರಿಯಬೇಡಿ. ಆದರೆ ಇಂಥ ಹೆಚ್ಚಿನ ರಿಯಾಕ್ಟರುಗಳನ್ನು ಇಂಧನ ತುಂಬುವಾಗ ನಿಲ್ಲಿಸಬೇಕು, ಆಗ ಹಬೆಗೆ ಬೇರೆ ಬಾಯ್ಲರ್ ಬೇಕಲ್ವಾ?

ರಾಸಾಯನಿಕ ಕಾರ್ಖಾನೆಗೆ 500 ಡಿಗ್ರಿ ದಾಟಿದ ಹಬೆ ಬೇಕಾದರೆ ಹೀಲಿಯಂ ಅನಿಲದಿಂದ ತಂಪಾಗುವ ರಿಯಾಕ್ಟರ್. ಚೀನಾದ ಶಿದಾವೊವಾನ್‌ನಲ್ಲಿ ಒಂದು 2023ರ ಡಿಸೆಂಬರ್‌ನಲ್ಲಿ ವಾಣಿಜ್ಯ ಬಳಕೆಗೆ ಬಂತು. ಅದರಲ್ಲಿ ಹೀಲಿಯಂ 750 ಡಿಗ್ರಿಗೆ ಕಾಯುತ್ತದೆ. ಇಂಧನವೆಂದರೆ 6 ಸೆಂಟಿಮೀಟರಿನ ಗ್ರಾಫೈಟ್ ಚೆಂಡು. ಒಳಗೆ ಸಾಸಿವೆಗಿಂತ ಚಿಕ್ಕ ಸಾವಿರಾರು ಯುರೇನಿಯಂ ಕಾಳು, ಒಂದೊಂದಕ್ಕೂ ಪದರ ಪದರ ಹೊದಿಕೆ. ನಡೆಯುತ್ತಿರುವಾಗಲೇ ಚೆಂಡು ಬದಲಿಸಬಹುದು. ಅನುಭವ ಮಾತ್ರ ಕಡಿಮೆ.

ಸಿಮೆಂಟ್ ಗೂಡಿನ 1450 ಡಿಗ್ರಿ? ಎರಡರ ಕೈಲೂ ಆಗುವುದಿಲ್ಲ.